ನಲವತ್ತೊಂದನೇ ನಂಬರಿನ ಉಸಿರು

"ಕೆಮ್ಮೋದಿದ್ರೆ ಗೊಬ್ಬರದ ಗುಂಡಿ ಹತ್ರ ಹೋಗಿ ಕೆಮ್ಮೇ, ಮುಂಡೆ. ಇಲ್ಲಿ ಜನ ಒಳ್ಳೆ ಗಾಳಿ ಕುಡಿಯೋಕೆ ಬರ್ತಾರೆ, ನಿನ್ನ ಕಫದ ಸದ್ದು ಕೇಳೋಕಲ್ಲ."

ಮೇಸ್ತ್ರಿ ಹೀಗೆ ಕೂಗುವಾಗ ನನ್ನ ಓರಗಿತ್ತಿ ಗುಲಾಬಿ ಪಾತಿಗಳ ನಡುವೆ ಎರಡೂ ಕೈಗಳನ್ನು ಮಂಡಿಗೆ ಊರಿಕೊಂಡು ಬಗ್ಗಿದ್ದಳು. ಬೆನ್ನ ಮೇಲೆ ಹದಿನಾರು ಲೀಟರ್ ಹುಳದ ಔಷಧ ತುಂಬಿದ ಡಬ್ಬಿ. ಬಗ್ಗಿದರೆ ಅದರ ಮುಚ್ಚಳದಿಂದ ಔಷಧ ಸೋರಿ ಕುತ್ತಿಗೆಗೆ ಇಳಿಯುತ್ತದೆ. ಅವತ್ತೂ ಇಳಿಯಿತು. ಅವಳು ಅದನ್ನು ಅಂಗೈಯಲ್ಲಿ ಒರೆಸಿಕೊಂಡು, ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು, ಮೇಸ್ತ್ರಿಯ ಮಾತಿಗೆ ಗೋಣಾಡಿಸಿ ಗೊಬ್ಬರದ ಗುಂಡಿಯ ಕಡೆ ನಡೆದಳು. ನಾನು ನಾಲ್ಕು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹುಲ್ಲಿನ ನಡುವಿನ ಕಳೆ ಕೀಳುತ್ತಿದ್ದೆ. ಎದ್ದು ಹೋಗಿ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ. ಉಗಿದರೆ ಆ ಜಾಗ ತೊಳೆಯಬೇಕಾದವಳೂ ನಾನೇ.

ಆ ಪಾರ್ಕಿಗೆ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ವಾಕಿಂಗ್‌ನವರು ಬರುತ್ತಾರೆ. ಅವರದೊಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷ. ಪಾರ್ಕಿನ ಉಸ್ತುವಾರಿಯೆಲ್ಲ ಆ ಸಂಘದ್ದೇ. ನಾವು ಕೆಲಸದವರು ಐದಕ್ಕೇ ಬರಬೇಕು. ಅವರು ಎದುರು ಬಂದರೆ ದಾರಿ ಬಿಟ್ಟು ಇಳಿದು, ಬೇಲಿಗಿಡದ ಕಡೆ ಮುಖ ಮಾಡಿ ನಿಲ್ಲಬೇಕು. ನಮ್ಮ ಮುಖ ನೋಡಿದರೆ ಅವರ ನಡಿಗೆಯ ಲಯ ತಪ್ಪುತ್ತದಂತೆ. ಅವರು ಕುಡಿಯುವ ನೀರಿನ ನಲ್ಲಿ ಸಂಘದ ಕಾರ್ಡು ತೋರಿಸಿದರೆ ಮಾತ್ರ ಬಿಡುತ್ತದೆ. ನಾವು ಗಿಡಕ್ಕೆ ಬಿಡುವ ಪೈಪಿಗೇ ಬಾಯಿ ಒಡ್ಡುತ್ತೇವೆ. ಆ ಪೈಪಿನ ಪಕ್ಕ ಒಂದು ಬೋರ್ಡು ಇದೆ. ಅದರಲ್ಲಿ, ಇದು ಚರಂಡಿಯಿಂದ ಸೋಸಿ ತಂದ ನೀರು, ಕುಡಿಯಬೇಡಿ ಅಂತ ಬರೆದಿದೆ ಎಂದು ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು. ಓದಲು ಬರುವವರು ಯಾರೂ ಆ ನೀರು ಕುಡಿಯುತ್ತಿರಲಿಲ್ಲ.

ಔಷಧ ಹೊಡೆಯುವ ಕೆಲಸ ಎಂಟು ವರ್ಷದಿಂದ ಓರಗಿತ್ತಿಯದು. ಗುಲಾಬಿಗೆ ವಾರಕ್ಕೊಮ್ಮೆ, ಹುಲ್ಲಿಗೆ ಹದಿನೈದು ದಿನಕ್ಕೊಮ್ಮೆ, ಸೊಳ್ಳೆಗೆ ದಿನವೂ. ಬೆಳಗಿನ ತಂಪಿನಲ್ಲೇ ಹೊಡೆಯಬೇಕು, ಬಿಸಿಲೇರಿದ ಮೇಲೆ ಹೊಡೆದರೆ ಆವಿಯಾಗಿ ಹೊಡೆಯುವವರ ಮೂಗಿಗೇ ವಾಪಸು ಬರುತ್ತದೆ ಎಂದು ಕ್ಯಾನಿನ ಮೇಲೆ ಚಿತ್ರ ಸಮೇತ ಹಾಕಿದ್ದಾರೆ. ಆದರೆ ಬೆಳಗಿನ ತಂಪು ವಾಕಿಂಗ್‌ನವರದು. ಅವರಿಗೆ ವಾಸನೆ ಆಗುವುದಿಲ್ಲ. ಹಾಗಾಗಿ ಅವಳಿಗೆ ಮಟಮಟ ಮಧ್ಯಾಹ್ನ. ಬೇಸಿಗೆಯಲ್ಲಿ ಅವಳು ಹೊಡೆಯುತ್ತ ಹೋದ ಹಾಗೆ ಸುತ್ತ ಬಿಳಿ ಹೊಗೆಯಂಥದ್ದು ಏಳುತ್ತಿತ್ತು. ಅದರೊಳಗೆ ಅವಳು ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಮೂಗಿಗೆ ಕಟ್ಟುವ ಮುಖಕವಚ ಒಂದಿತ್ತು. ಅದನ್ನು ಯಾರಾದರೂ ಫೋಟೋ ತೆಗೆಯಲು ಬಂದಾಗ ಮೇಸ್ತ್ರಿ ಬೀರುವಿನಿಂದ ತೆಗೆದುಕೊಡುತ್ತಿದ್ದ, ಫೋಟೋ ಆದ ಮೇಲೆ ಬಿಚ್ಚಿಸಿಕೊಂಡು ವಾಪಸು ಇಡುತ್ತಿದ್ದ.

ಅವಳು ನನ್ನ ಮೈದುನನ ಹೆಂಡತಿ. ಮೈದುನ ಯಾವಳ ಹಿಂದೆಯೋ ಹೋದ ಮೇಲೆ ನಮ್ಮ ಮನೆಗೇ ಬಂದಳು. ಮನೆ ಎಂದರೆ ಒಂದು ಕೋಣೆ. ನಾನು, ನನ್ನ ಗಂಡ, ಅವಳು. ಬಾಯಿ ಜೋರು, ನಗುವೂ ಜೋರು. ಗುಲಾಬಿ ಎಲೆಯ ಮೇಲೆ ಒಂದು ಕಪ್ಪು ಚುಕ್ಕಿ ಕಂಡರೆ ಸಂಘದವರು ಗಿಡದ ಡಾಕ್ಟರನ್ನು ಕಾರಿನಲ್ಲಿ ಕರೆಸುತ್ತಿದ್ದರು. ಅವನು ಕನ್ನಡಕ ಹಾಕಿಕೊಂಡು ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದ. ಅದನ್ನು ನೋಡಿ ಅವಳು, "ಮುಂದಿನ ಸಲ ಅವ್ನು ಬಂದಾಗ ನಾನೂ ಒಂದು ಕುಂಡದಲ್ಲಿ ನಿಂತ್ಕೋತೀನಿ ಕಣಕ್ಕ" ಎಂದಳು. ನಾನು ನಕ್ಕೆ. ನಕ್ಕಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಸರ್ಕಾರಿ ಆಸ್ಪತ್ರೆಗೆ ಒಮ್ಮೆ ಹೋಗಿದ್ದೆವು. ಅರ್ಧ ದಿನ ಸಾಲಿನಲ್ಲಿ ನಿಂತ ಮೇಲೆ ಅಲ್ಲಿಯ ಡಾಕ್ಟರು ತಲೆಯೆತ್ತದೆ, ಎಲ್ಲಿ ಕೆಲಸ ಎಂದು ಕೇಳಿದ. ಪಾರ್ಕಿನಲ್ಲಿ ಎಂದಳು. ಪುಣ್ಯವಂತೆ, ನಾನು ಎಲ್ಲ ರೋಗಿಗಳಿಗೂ ಬರೆದುಕೊಡುವ ಔಷಧವೇ ಅದು, ಪಾರ್ಕಿನಲ್ಲಿ ಇರಿ ಅಂತ, ನಿನಗೆ ಪುಕ್ಕಟೆ ಸಿಕ್ಕಿದೆ ಎಂದು ಒಂದು ಬಾಟಲಿ ಕೆಮ್ಮಿನ ಸಿರಪ್ಪು ಕೊಟ್ಟು ಕಳಿಸಿದ. ಕಿವಿಗೆ ಕೊಳವೆ ಹಾಕಿ ಎದೆ ನೋಡಲೂ ಇಲ್ಲ.

ಅದೇ ವರ್ಷ ಒಂದು ದೊಡ್ಡ ಖಾಸಗಿ ಆಸ್ಪತ್ರೆಯವರು ಪಾರ್ಕಿಗೆ ಬಂದರು. ಪಾರ್ಕಿನಲ್ಲಿ ದಿನಾ ನಡೆಯುವವರ ಆರೋಗ್ಯ ಎಷ್ಟು ಸುಧಾರಿಸುತ್ತದೆ ಎಂದು ಅಳೆದು ನೋಡುತ್ತಾರಂತೆ. ಸಂಘದ ನೂರು ಸದಸ್ಯರು ಒಂದು ಯಂತ್ರದ ಕೊಳವೆಗೆ ಊದಬೇಕು. ಈಗೊಮ್ಮೆ, ಆರು ತಿಂಗಳ ಮೇಲೆ ಇನ್ನೊಮ್ಮೆ. ಯಾರದು ಎಂಬ ಗುಟ್ಟು ಕಾಯಲು ಹೆಸರು ಬರೆಯುವುದಿಲ್ಲ, ಸದಸ್ಯರ ನಂಬರು ಮಾತ್ರ. ಒಂದು ಪುಸ್ತಕದಲ್ಲಿ ತಮ್ಮ ನಂಬರಿನ ಮುಂದೆ ಎಲ್ಲರೂ, ಓದಿದವರೂ ಸಹ, ಹೆಬ್ಬೆಟ್ಟು ಒತ್ತಬೇಕು. ಪರೀಕ್ಷೆಯಲ್ಲಿ ಯಾರಿಗಾದರೂ ಕಾಯಿಲೆ ಕಂಡರೆ ಆ ಆಸ್ಪತ್ರೆಯೇ ಪೂರ್ತಿ ನೋಡಿಕೊಳ್ಳುತ್ತದೆ. ಅಧ್ಯಕ್ಷ ಹಿಗ್ಗಿ ಹೀರೇಕಾಯಿಯಾದ. ನೂರು ಜನರ ಪಟ್ಟಿ ಬರೆದುಕೊಟ್ಟ.

ಊದುವ ದಿನ ಬಂದವರು ಎಂಬತ್ತೊಂದೇ ಜನ. ಮಿಕ್ಕವರಿಗೆ ಹೇಸಿಗೆ. ನೂರು ಜನರ ಎಂಜಲಿನ ಕೊಳವೆಗೆ ಯಾರು ಬಾಯಿ ಹಾಕುತ್ತಾರೆ ಎಂದು ಅಧ್ಯಕ್ಷನ ಹೆಂಡತಿಯೇ ಬೆಳಿಗ್ಗೆ ಮೂಗು ಮುರಿದು ಮನೆಯಲ್ಲಿ ಉಳಿದಳು. ಲೆಕ್ಕ ತಪ್ಪಿದರೆ ಆಸ್ಪತ್ರೆಯವರು ಬೇರೆ ಪಾರ್ಕಿಗೆ ಹೋಗುತ್ತಾರೆ. ಅಧ್ಯಕ್ಷ ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿದ. ಮೇಸ್ತ್ರಿ ನಮ್ಮನ್ನು ಸಾಮಾನಿನ ಕೋಣೆಗೆ ಅಟ್ಟಿಕೊಂಡು ಹೋದ.

ಹತ್ತೊಂಬತ್ತು ಬಾಯಿ ಬೇಕಿತ್ತು, ನಮ್ಮಲ್ಲಿ ಇದ್ದವು. ಸಂಘದ ಬಿಳಿ ಜಾಕೀಟು, ಟೋಪಿ ತೊಡಿಸಿದ. ಸದಸ್ಯರು ಕಪಾಟಿನಲ್ಲಿ ಬಿಟ್ಟುಹೋಗಿದ್ದ ಬೂಟುಗಳನ್ನು ಹಾಕಿಸಿದ. ಓರಗಿತ್ತಿಗೆ ನಲವತ್ತೊಂದನೇ ನಂಬರು ಬಂತು, ಅಂದರೆ ಅಧ್ಯಕ್ಷನ ಹೆಂಡತಿ. ನನಗೆ ಅರವತ್ತೆರಡು, ಯಾವನೋ ರಿಟೈರ್ಡ್ ಸಾಹೇಬನ ಅತ್ತೆ. "ನಂಬರ್ ಕೇಳಿದ್ರೆ ನಂಬರ್ ಹೇಳಿ. ಊದಿ, ಹೆಬ್ಬೆಟ್ಟು ಒತ್ತಿ, ಬನ್ನಿ. ಅದು ಬಿಟ್ಟು ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ, ಲೌಡಿಯರಾ" ಎಂದ ಮೇಸ್ತ್ರಿ. ಅವತ್ತು ನಾವು ಮೊದಲ ಸಲ ವಾಕಿಂಗ್ ದಾರಿಯ ನಟ್ಟನಡುವೆ ನಡೆದೆವು. ಓರಗಿತ್ತಿ ದೊಡ್ಡ ಬೂಟಿನಲ್ಲಿ ಕಾಲೆಳೆಯುತ್ತ, ಸೊಂಟ ತಿರುಗಿಸುತ್ತ, ಥೇಟ್ ಅಧ್ಯಕ್ಷನ ಹೆಂಡತಿಯ ಹಾಗೆ ನಡೆದು ತೋರಿಸಿದಳು. ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆವು.

ಯಂತ್ರದ ಮುಂದೆ ಒಬ್ಬಳು ಎಳೆ ವಯಸ್ಸಿನ ಡಾಕ್ಟರಮ್ಮ ಕುಳಿತಿದ್ದಳು. ನಾನು ಊದಿದೆ, ಚೀಟಿ ಬಂತು, ಮುಂದೆ ಎಂದಳು. ಓರಗಿತ್ತಿ ಊದಿದಳು. ಇನ್ನೂ ಜೋರಾಗಿ ಎಂದಳು ಡಾಕ್ಟರಮ್ಮ. ಮತ್ತೆ ಊದಿದಳು. ಮೂರನೆಯ ಸಲ ಊದುವಾಗ ಅವಳ ತುಟಿ ನೀಲಿಯಾಯಿತು. ಡಾಕ್ಟರಮ್ಮ ಚೀಟಿ ನೋಡಿದಳು, ಅವಳ ಮುಖ ನೋಡಿದಳು, ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. "ಅಮ್ಮಾ, ನಿಮಗೆ ಎಷ್ಟು ದಿನದಿಂದ ಹೀಗಾಗ್ತಿದೆ?"

ಮೇಸ್ತ್ರಿ ಹಿಂದೆಯೇ ನಿಂತಿದ್ದ. ಓರಗಿತ್ತಿ ನಲವತ್ತೊಂದು ಎಂದಷ್ಟೇ ಹೇಳಿ, ಹೆಬ್ಬೆಟ್ಟು ಒತ್ತಿ ಎದ್ದು ಬಂದಳು. ಅವತ್ತು ಸಂಜೆ ಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಊಟ ಮಾಡದೆ ಕುಳಿತಿದ್ದಳು. ಏನೇ ಎಂದು ಕೇಳಿದೆ. "ಅವ್ಳು ನಂಗೆ ನೀವು ಅಂದ್ಲು ಕಣಕ್ಕ" ಎಂದಳು.

ಮರುದಿನ ಅಧ್ಯಕ್ಷನ ಹೆಂಡತಿ ಕಪಾಟು ತೆಗೆದು ಬೂಟಿಗೆ ಕಾಲು ತೂರಿಸಿದವಳು ಹಾವು ತುಳಿದ ಹಾಗೆ ಎಳೆದುಕೊಂಡಳು. ಒಳಗೆ ಮಣ್ಣಿತ್ತು. ಯಾರು ಹಾಕಿಕೊಂಡಿದ್ದು ಎಂದು ಕೇಳಿ, ಓರಗಿತ್ತಿಯನ್ನು ಕರೆಸಿ, ಆ ಬೂಟನ್ನು ಎರಡು ಕಡ್ಡಿಯಲ್ಲಿ ಎತ್ತಿಸಿ ಗೊಬ್ಬರದ ಗುಂಡಿಗೆ ಹಾಕಿಸಿದಳು. ಹೊಸ ಬೂಟು. ಹೇಗೂ ಬಿಸಾಡುವುದು ತಾನೇ, ನಾನೇ ಇಟ್ಟುಕೊಳ್ಳಲಾ ಅಮ್ಮ ಎಂದು ಓರಗಿತ್ತಿ ಕೇಳಿದ್ದಕ್ಕೆ, ನನ್ನ ಬೂಟು ನಿನ್ನ ಕಾಲಲ್ಲಿ ದಿನಾ ನೋಡಬೇಕಾ ನಾನು ಎಂದಳಂತೆ. ಅದರ ಮೇಲೆ ಎರಡು ಮಂಕರಿ ಗೊಬ್ಬರ ಸುರಿಯುವವರೆಗೂ ನಿಂತಿದ್ದು ಹೋದಳು.

ಮೂರು ವಾರ ಕಳೆಯಿತು. ಅಧ್ಯಕ್ಷನ ಹೆಂಡತಿ ನಾಲ್ಕು ದಿನ ಪಾರ್ಕಿಗೆ ಬರಲಿಲ್ಲ. ಐದನೆಯ ದಿನ ಬಂದಾಗ ಕೈಯಲ್ಲಿ ಸಿಹಿಯ ದೊಡ್ಡ ಡಬ್ಬ. ಗೆಳತಿಯರನ್ನೆಲ್ಲ ಕಲ್ಲುಬೆಂಚಿನ ಸುತ್ತ ಕೂರಿಸಿಕೊಂಡು ಹಂಚಿದಳು. ನಾನು ಆ ಬೆಂಚಿನ ಕಾಲಬುಡದಲ್ಲೇ ಕಳೆ ಕೀಳುತ್ತಿದ್ದೆ. ಅಂಥ ಕಡೆ ನಾವಿದ್ದರೂ ಇಲ್ಲದ ಹಾಗೆಯೇ. ಅವಳು ಚೀಲದಿಂದ ಒಂದು ಕಾಗದ ತೆಗೆದು ಓದಿದಳು. ನಲವತ್ತೊಂದನೇ ನಂಬರಿನವರ ಶ್ವಾಸಕೋಶ ಗಟ್ಟಿಯಾಗುತ್ತಿದೆ, ತಕ್ಷಣ ಬನ್ನಿ, ಈಗಲೇ ಔಷಧ ಶುರು ಮಾಡಿದರೆ ಅಲ್ಲಿಗೆ ನಿಲ್ಲಿಸಬಹುದು, ತಡವಾದರೆ ಆಗುವುದಿಲ್ಲ. ನೀವು ಕೀಟನಾಶಕಗಳ ನಡುವೆ ಕೆಲಸ ಮಾಡುವವರೇ?

"ನಾನು ಹುಳಕ್ಕೆ ಔಷಧಿ ಹೊಡೀತೀನಂತೆ" ಎಂದು ಅವಳು ನಕ್ಕಳು. ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಗದ ನೋಡಿ ಅವಳು ಎಚ್ಚರ ತಪ್ಪಿ ಬಿದ್ದಿದ್ದಳಂತೆ, ಅಧ್ಯಕ್ಷ ಬೇರೊಂದು ಆಸ್ಪತ್ರೆಯಲ್ಲಿ ಮೂರು ಥರ ಸ್ಕ್ಯಾನ್ ಮಾಡಿಸಿದನಂತೆ, ಎದೆ ಗಾಜಿನಷ್ಟು ಸ್ವಚ್ಛ ಇದೆಯಂತೆ. ಆಮೇಲೆ ಗಂಡ ನೆನಪಿಸಿದನಂತೆ, ಅವತ್ತು ನೀನು ಊದೇ ಇಲ್ಲವಲ್ಲ ಎಂದು. ಹಾಗಾದರೆ ಆ ಎದೆ ಯಾರದು ಎಂದು ಒಬ್ಬಳು ಕೇಳಿದಳು. ಯಾರೋ ಕೆಲಸದವಳದು ಎಂದು ಅವಳು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡಳು.

ಯಾರದು ಎಂದು ನನಗೆ ಗೊತ್ತಿತ್ತು. ಅವಳು ಆ ಹೊತ್ತಿಗೆ ಗುಂಡಿಯ ಹತ್ತಿರ ಡಬ್ಬಿಗೆ ಔಷಧ ಕಲಸುತ್ತಿದ್ದಳು. ಪಾರ್ಕಿನ ಕೆಲಸಕ್ಕೆ ಸೇರಿದ ಹದಿನಾರು ವರ್ಷದಲ್ಲಿ ಮೊದಲ ಸಲ ನಾನು ಸಂಘದವರ ಮುಂದೆ ಎದ್ದು ನಿಂತು, ಆ ಕಾಗದ ನಮಗೆ ಕೊಡಿ ಅಮ್ಮ, ಅದು ನನ್ನ ಓರಗಿತ್ತಿಯದು ಎಂದೆ. ಅಧ್ಯಕ್ಷನ ಹೆಂಡತಿ ಬೆಂಚು ಮಾತಾಡಿದ ಹಾಗೆ ಬೆಚ್ಚಿ, ಗಂಡನನ್ನು ಕೂಗಿದಳು.

ಅಧ್ಯಕ್ಷ ನನ್ನನ್ನು ಸಂಘದ ಕಚೇರಿಗೆ ಕರೆಸಿದ. ಕುಡಿದು ಮುಗಿಸದ ಚಹಾದ ಲೋಟ ಮೇಜಿನ ಮೇಲಿತ್ತು, ಕಾಗದ ಅವನ ಕೈಯಲ್ಲಿತ್ತು. ನಾನು ಕಾಲು ಹಿಡಿಯಲೂ ತಯಾರಿದ್ದೆ. ಆಸ್ಪತ್ರೆಯವರಿಗೆ ಒಂದು ಮಾತು ಹೇಳಿ ಸ್ವಾಮಿ, ಔಷಧ ಅವರೇ ಕೊಡುತ್ತಾರಂತೆ, ನಿಮ್ಮ ಗಂಟೇನೂ ಹೋಗುವುದಿಲ್ಲ ಎಂದೆ.

"ಹೇಳ್ತೀನಿ" ಎಂದ ಅವನು ಮೆಲ್ಲಗೆ. "ನನ್ನ ಹೆಂಡ್ತಿ ಜಾಗದಲ್ಲಿ ಬೇರೆ ಯಾರೋ ಊದಿದಾರೆ ಅಂತ ಹೇಳ್ತೀನಿ. ಆ ಪುಸ್ತಕದಲ್ಲಿ ಇರೋ ಹೆಬ್ಬೆಟ್ಟು ಯಾರದು? ನಂದಾ? ಬೇರೆಯವರ ನಂಬರಿಗೆ ಹೆಬ್ಬೆಟ್ಟು ಒತ್ತೋದಕ್ಕೆ ವಂಚನೆ ಅಂತಾರೆ. ಮೂರು ವರ್ಷ ಒಳಗೆ ಹಾಕ್ತಾರೆ. ಪೊಲೀಸ್ರಿಗೆ ಒಂದು ಫೋನ್ ಸಾಕು. ಮಾಡ್ಲಾ?"

ಮಾಡಿಸಿದ್ದು ನೀವೇ ಅಲ್ಲವೇ ಎಂದೆ. ಮೇಸ್ತ್ರಿ ಬಾಗಿಲಲ್ಲಿ ನಿಂತು, ಹಾಗೆ ನಾನು ಯಾರಿಗೂ ಹೇಳೇ ಇಲ್ಲ ಎಂದ. ಅಧ್ಯಕ್ಷ ಕಾಗದವನ್ನು ನಾಲ್ಕಾಗಿ ಹರಿದು ನೆಲಕ್ಕೆ ಬಿಟ್ಟ. "ಎತ್ತಿ ಬುಟ್ಟಿಗೆ ಹಾಕು. ಅದೇ ತಾನೇ ನಿನ್ನ ಕೆಲಸ" ಎಂದ. ಎತ್ತಿ ಹಾಕಿದೆ. ಅದರ ಮೇಲೆ ಲೋಟದ ಚಹಾ ಸುರಿದ. ಆ ಆಸ್ಪತ್ರೆಗೆ ಏನು ಹೇಳಿದನೋ, ಔಷಧ ಬೇಡ, ಪಾರ್ಕಿನ ಗಾಳಿಯೇ ಸಾಕು ಎಂದನೋ ಏನೋ, ಅಲ್ಲಿಂದ ಮತ್ತೆ ಕಾಗದ ಬರಲಿಲ್ಲ.

ಕಾಗದ ಇಲ್ಲದಿದ್ದರೇನು ಎಂದು ನಾವಿಬ್ಬರೂ ಆ ಆಸ್ಪತ್ರೆಗೆ ಹೋದೆವು. ಎರಡು ಬಸ್ಸು ಹತ್ತಿ ಇಳಿದು, ಮೆಟ್ಟಿಲ ಮೇಲೆ ಮೂರು ಕಡೆ ಕುಳಿತು ಸುಧಾರಿಸಿಕೊಂಡು, ಗಾಜಿನ ಕಿಟಕಿಯ ಮುಂದೆ ನಿಂತೆವು. ನಲವತ್ತೊಂದನೇ ನಂಬರು, ಪಾರ್ಕಿನವರು ಎಂದೆ. ಕಿಟಕಿಯ ಹಿಂದಿನವನು ಸಂಘದ ಕಾರ್ಡು ಕೇಳಿದ. ಇಲ್ಲ ಎಂದೆ. ಅವನು ಬಗ್ಗಿ ಓರಗಿತ್ತಿಯ ಕಾಲು ನೋಡಿದ. ಒಡೆದ ಹಿಮ್ಮಡಿ, ಉಗುರಿನ ಸಂದಿಯಲ್ಲಿ ಹಸಿರು. "ಏಯ್, ಪಾರ್ಕ್ ಸಂಘದ ಮೇಡಂ ಬಂದಿದಾರೆ, ಕುರ್ಚಿ ಹಾಕ್ರೋ" ಎಂದು ಒಳಗಿನವರನ್ನು ಕೂಗಿದ. ಇಬ್ಬರು ಬಂದು ನೋಡಿ ನಕ್ಕು ಹೋದರು. ಡಾಕ್ಟರಮ್ಮ ಪರ ಊರಿಗೆ ಹೋಗಿದ್ದಾಳೆ ಎಂದರು. ಕಾವಲಿನವನು ಬಂದು, ಕೆಮ್ಮುವುದಿದ್ದರೆ ಆಚೆ ಹೋಗಿ ಎಂದ. ಆ ಮಾತು ನಮಗೆ ಹೊಸದೇನಲ್ಲ.

ಆಮೇಲೆ ಅವಳು ಬೇಗ ಇಳಿದುಹೋದಳು. ಡಬ್ಬಿ ಎತ್ತಲಾಗದೆ ಒಂದು ದಿನ ಪಾತಿಯಲ್ಲೇ ಕುಸಿದಳು. ಮೇಸ್ತ್ರಿ ಅವಳನ್ನು ಎಬ್ಬಿಸುವ ಮೊದಲು ಮುರಿದ ಗುಲಾಬಿ ಕೊಂಬೆಗಳನ್ನು ಎಣಿಸಿದ. ಮಾರನೇ ದಿನದಿಂದ ಬರಬೇಡ ಎಂದ. ಡಬ್ಬಿ ನನ್ನ ಬೆನ್ನಿಗೆ ಬಂತು. ಅವಳಿಗೆ ಮಲಗಲು ಆಗುತ್ತಿರಲಿಲ್ಲ, ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗೋಡೆಗೆ ಮೂಟೆ ಒರಗಿಸಿ ಕೂರಿಸಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ನಮ್ಮ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ತೆಗೆದಿಟ್ಟರೆ ಎದುರಿನ ಡೀಸೆಲ್ ಇಂಜಿನ್ ರಿಪೇರಿ ಅಂಗಡಿಯ ಹೊಗೆ, ಮುಚ್ಚಿದರೆ ಕತ್ತಲೆ. ಒಂದು ಮಾತಿಗೆ ಮೂರು ಸಲ ಉಸಿರೆಳೆದುಕೊಳ್ಳುತ್ತಿದ್ದಳು. ನಾನು ಸಂಜೆ ಹೋದರೆ ನನ್ನ ಬಟ್ಟೆಯ ವಾಸನೆಗೇ ಅವಳಿಗೆ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ಹಾಗಾಗಿ ಹೊರಗೇ ಮೈ ತೊಳೆದು, ಬೇರೆ ಬಟ್ಟೆ ಉಟ್ಟು ಒಳಗೆ ಹೋಗುತ್ತಿದ್ದೆ. ನನಗೂ ಆಗಲೇ ಗಂಟಲು ಕೆರೆಯಲು ಶುರುವಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ಆರು ತಿಂಗಳಿಗೆ ಯಂತ್ರ ಮತ್ತೆ ಬಂತು, ಅದರ ಮುಂದೆ ಈ ಸಲ ಡಾಕ್ಟರಮ್ಮನ ಬದಲು ಬೇರೆ ಯಾರೋ ಕುಳಿತಿದ್ದರು. ಕಾಗದದ ಕತೆ ಕೇಳಿ ಹೆದರಿದ್ದ ಸದಸ್ಯರು ಈ ಸಲ ಒಬ್ಬರೂ ತಪ್ಪದೆ, ಸ್ವಂತ ಕೊಳವೆ ಕೊಂಡು ತಂದು ಊದಿದರು. ಮಸಿ ಅಂಟುತ್ತದೆ ಎಂದು ಹೆಬ್ಬೆಟ್ಟಿನ ಬದಲು ರುಜು ಹಾಕಿದರು. ಫಲಿತಾಂಶ ಬಂದಾಗ ಪಾರ್ಕಿಗೆ ಪಾರ್ಕೇ ಕುಣಿದಾಡಿತು. ಹತ್ತೊಂಬತ್ತು ಜನರ ಉಸಿರು ಆರು ತಿಂಗಳಲ್ಲಿ ಯಾರೂ ನಿರೀಕ್ಷಿಸದಷ್ಟು ಸುಧಾರಿಸಿತ್ತು. ಅದರಲ್ಲೂ ಸಾವಿನ ಬಾಗಿಲಿನಲ್ಲಿದ್ದ ನಲವತ್ತೊಂದನೇ ನಂಬರು ಸಂಪೂರ್ಣ ಗುಣವಾಗಿತ್ತು. ಅಧ್ಯಕ್ಷ ಸಮಾರಂಭ ಇಟ್ಟುಕೊಂಡ. ಈ ಪಾರ್ಕಿನ ಗಾಳಿ ಶ್ವಾಸಕೋಶ ಗುಣಪಡಿಸುತ್ತದೆ ಎಂದು ಕಲ್ಲಿನ ಮೇಲೆ ಕೆತ್ತಿಸಿದ.

ಆ ಸುದ್ದಿಯನ್ನು ಓರಗಿತ್ತಿಗೆ ಹೇಳಿದೆ. ಹೇಳಬಾರದಿತ್ತೇನೋ.

"ಹಂಗಾದ್ರೆ... ನಾನು ಗುಣ ಆಗಿದೀನಿ... ಅನ್ನು" ಎಂದಳು. ನಗಲು ಹೋಗಿ ಕೆಮ್ಮಿದಳು. ಒರೆಸಿದ ಬಟ್ಟೆಯಲ್ಲಿ ರಕ್ತವಿತ್ತು.

ಆಗ ನನ್ನ ತಲೆಗೆ ಅಧ್ಯಕ್ಷನ ಮಾತೇ ಹೊಳೆಯಿತು. ಹೆಬ್ಬೆಟ್ಟು ನಮ್ಮದು, ವಂಚನೆ ನಮ್ಮದು, ಮೂರು ವರ್ಷದ ಜೈಲೂ ನಮ್ಮದು ಎಂದು ಅವನೇ ಹೇಳಿದ್ದ. ಆ ವಂಚನೆ ಇವಳದು ಎಂದು ಪೊಲೀಸರು ಬರೆದುಕೊಂಡರೆ ಆ ಎದೆಯೂ ಇವಳದೇ ಎಂದು ಬರೆದ ಹಾಗಾಗುತ್ತದಲ್ಲ. ಇಷ್ಟು ದಿನ ಯಾವ ಮಾತಿಗೆ ಹೆದರಿ ಬಾಯಿ ಹೊಲಿದುಕೊಂಡಿದ್ದೆನೋ ಅದೊಂದೇ ನಮಗೆ ಉಳಿದ ದಾರಿಯಾಗಿತ್ತು. ಸಮಾರಂಭದ ದಿನ ಬೆಳಿಗ್ಗೆ ಸಾಮಾನಿನ ಕೋಣೆಯಲ್ಲಿ ಹೆಂಗಸರಿಗೆ ಹೇಳಿದೆ. ಕೆಲಸ ಹೋದರೆ ನೀನು ಅನ್ನ ಹಾಕುತ್ತೀಯಾ ಎಂದು ಒಬ್ಬಳು ಕೇಳಿದಳು. ಊದಿದ್ದ ಹತ್ತೊಂಬತ್ತು ಜನರಲ್ಲಿ ಆರು ಮಂದಿ ನನ್ನ ಜೊತೆ ನಿಂತರು. ಉಳಿದವರು ನೆಲ ನೋಡಿದರು. ಅವರನ್ನು ನಾನು ಬೈಯಲಿಲ್ಲ. ನಾವು ದಿನಾ ಹಾಜರಿಗೆ ಹೆಬ್ಬೆಟ್ಟು ಒತ್ತುವ ಮಸಿ ಡಬ್ಬಿಯನ್ನು ಮೇಜಿನ ಮೇಲಿಂದ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹುಲ್ಲಿನ ಮೇಲೆ ಶಾಮಿಯಾನ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು. ವೇದಿಕೆಯ ಮೇಲೆ ಅಧ್ಯಕ್ಷ, ಡಾಕ್ಟರಮ್ಮ, ಇನ್ನೂ ನಾಲ್ಕು ದೊಡ್ಡವರು. ಅಧ್ಯಕ್ಷನ ಹೆಂಡತಿ ಮೈಕಿನ ಮುಂದೆ ನಿಂತು, ತಾನು ಸತ್ತು ಬದುಕಿದವಳು, ಈ ಗಿಡಗಳೇ ತನ್ನ ಡಾಕ್ಟರು ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ಸುಳ್ಳೆಂದು ಗೊತ್ತಿದ್ದೇ ಅಳುತ್ತಿದ್ದಳೋ, ಹೇಳಿ ಹೇಳಿ ಅವಳಿಗೇ ನಿಜ ಅನ್ನಿಸಿಬಿಟ್ಟಿತ್ತೋ ನನಗೆ ತಿಳಿಯದು. ಕಣ್ಣೀರಂತೂ ನಿಜವಾಗಿತ್ತು.

ನಾವು ಮನೆಯಿಂದ ಕರೆತಂದ ಓರಗಿತ್ತಿಯನ್ನು ಗೊಬ್ಬರದ ಕೈಗಾಡಿಯಲ್ಲಿ ಕೂರಿಸಿಕೊಂಡು ನಡುದಾರಿಯಲ್ಲಿ ತಳ್ಳಿಕೊಂಡು ಹೋದೆವು. ಮೇಸ್ತ್ರಿ ಓಡಿ ಬಂದು ಗಾಡಿಗೆ ಅಡ್ಡ ನಿಂತ. "ಪಕ್ಕಕ್ಕೆ ಸರಿಯೋ ಬೋಳಿಮಗನೆ, ಇಲ್ಲಾಂದ್ರೆ ಚಕ್ರ ಹತ್ತಿಸ್ತೀನಿ" ಎಂದೆ. ಹದಿನಾರು ವರ್ಷದ ಬೈಗುಳ ಒಂದೇ ಉಸಿರಿನಲ್ಲಿ ಬಂದಿತ್ತು. ಅವನು ಸರಿದ. ಮುಂದಿನ ಸಾಲಿನ ಹೆಂಗಸರು ಮೂಗಿಗೆ ಕರವಸ್ತ್ರ ಹಿಡಿದರು. ಮೈಕಿನ ಮುಂದಿನ ಮಾತು ನಿಂತಿತು.

"ನಲವತ್ತೊಂದನೇ ನಂಬರ್ ಬಂದಿದಾಳೆ" ಎಂದು ನಾನು ಕೂಗಿದೆ. "ಅವತ್ತು ಊದಿದ್ದು ಇವ್ಳು. ಹೆಬ್ಬೆಟ್ಟು ಒತ್ತಿದ್ದು ಇವ್ಳು. ನಾವು ಕಳ್ಳೀರು. ವಂಚನೆ ಮಾಡಿದೀವಿ. ಪೊಲೀಸ್ರನ್ನ ಕರೀರಿ."

ನನ್ನ ಹಿಂದಿನಿಂದ ಒಬ್ಬೊಬ್ಬಳೇ, ನಾನು ಹದಿನೆಂಟು, ನಾನು ಎಪ್ಪತ್ತಮೂರು, ನಾನು ಒಂಬತ್ತು ಎಂದರು. ಒಂದೊಂದು ನಂಬರು ಹೇಳಿದಾಗಲೂ ಕುರ್ಚಿಗಳಲ್ಲಿ ಯಾರಾದರೊಬ್ಬರು ತಲೆ ತಗ್ಗಿಸಿದರು.

ಅಧ್ಯಕ್ಷ ವೇದಿಕೆ ಇಳಿದು ಬಂದ. ಮುಖದಲ್ಲಿ ನಗು ಹಾಗೇ ಇತ್ತು. "ಇದೆಲ್ಲ ಒಳಗೆ ಹೋಗಿ ಮಾತಾಡೋಣ ಬಾಮ್ಮಾ" ಎಂದ. ಅವನ ಬಾಯಲ್ಲಿ ಅಮ್ಮ ಎಂಬ ಮಾತು ಮೊದಲ ಸಲ ಕೇಳಿದೆ. ಒಂದು ಫೋನ್ ಸಾಕು ಅಂದಿದ್ದಿರಲ್ಲ ಸ್ವಾಮಿ, ಮಾಡಿ ಎಂದೆ. "ಜೈಲಿಗೆ ಹಾಕಿ ಇವ್ಳನ್ನ. ಅಲ್ಲಿ ಡಾಕ್ಟ್ರು ನೋಡ್ತಾರಂತೆ."

ಅವನು ಫೋನ್ ಮಾಡಲಿಲ್ಲ. ಜನರ ಕಡೆ ತಿರುಗಿ, ಯಾರೋ ತಲೆ ಕೆಟ್ಟವರು, ಕೆಲಸದಿಂದ ತೆಗೆದದ್ದಕ್ಕೆ ಗಲಾಟೆ ಎಂದ. ಡಾಕ್ಟರಮ್ಮ ಮಾತ್ರ ಓರಗಿತ್ತಿಯ ನೀಲಿ ತುಟಿಯನ್ನೇ ನೋಡುತ್ತಿದ್ದಳು. ಅವಳಿಗೆ ಗುರುತು ಸಿಕ್ಕಿತ್ತು. ಬಂದು ಕೈಗಾಡಿಯ ಪಕ್ಕ ಮಂಡಿಯೂರಿ, ತನ್ನ ಪುಸ್ತಕ ತೆಗೆದು ನಲವತ್ತೊಂದನೇ ನಂಬರಿನ ಪುಟ ಬಿಡಿಸಿದಳು. ನಾನು ಓರಗಿತ್ತಿಯ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಅದರ ಪಕ್ಕದಲ್ಲೇ ಒತ್ತಿಸಿದೆ.

ಒಂದು ಕರೀ ಮಚ್ಚೆ ಬಂತು. ಗೆರೆಯೇ ಇಲ್ಲ. ಎಂಟು ವರ್ಷ ಔಷಧದಲ್ಲಿ ನೆಂದ ಬೆರಳು, ಗೆರೆ ಎಲ್ಲಿಂದ ಬರಬೇಕು. ಪುಸ್ತಕದಲ್ಲಿದ್ದದ್ದೂ ಅಂಥದ್ದೇ ಮಚ್ಚೆ. ನನ್ನದನ್ನು ಒತ್ತಿದೆ, ಹದಿನೆಂಟರವಳು ಒತ್ತಿದಳು, ಒಂಬತ್ತರವಳು ಒತ್ತಿದಳು. ಮಣ್ಣು ಕೆದಕಿ, ಕಳೆ ಕಿತ್ತು ಸವೆದ ಬೆರಳು, ಎಲ್ಲರದೂ ಒಂದೇ.

ಅಧ್ಯಕ್ಷ ಬಗ್ಗಿ ನೋಡಿದ. ಈಗ ಅವನು ನಿಜವಾಗಿಯೇ ನಕ್ಕ. "ನೋಡಿ ಡಾಕ್ಟ್ರೇ, ಇದ್ರಲ್ಲಿ ಗೆರೆನೇ ಇಲ್ಲ. ಯಾರದು ಅಂತ ಹೇಳ್ತೀರಿ? ಇದು ಯಾವ ಕೋರ್ಟಲ್ಲಿ ನಿಲ್ಲುತ್ತೆ?"

ಡಾಕ್ಟರಮ್ಮ ಪುಸ್ತಕ ನೋಡಿದಳು, ಹೊಸದಾಗಿ ಕೆತ್ತಿಸಿದ ಕಲ್ಲಿನ ಕಡೆ ನೋಡಿದಳು. ಅದರಲ್ಲಿ ಅವಳ ಹೆಸರೂ ಇತ್ತಂತೆ. ಕೈಗಾಡಿಯಲ್ಲಿ ಓರಗಿತ್ತಿಯ ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ನಡುವೆ ಬಹಳ ಹೊತ್ತು ಸುಮ್ಮನಿರುತ್ತಿತ್ತು.

ನನಗೆ ಗೆರೆ ಓದಲು ಬರುವುದಿಲ್ಲ. ಆದರೆ ಇದೆಯೋ ಇಲ್ಲವೋ ಎನ್ನುವುದು ಯಾರಿಗಾದರೂ ಕಾಣುತ್ತದೆ. ಮಸಿ ಡಬ್ಬಿ ಎತ್ತಿಕೊಂಡು ವೇದಿಕೆ ಹತ್ತಿದೆ. ಅಧ್ಯಕ್ಷನ ಹೆಂಡತಿ ಮೈಕಿನ ಹಿಂದೆ ಸರಿದಳು.

"ನೀವು ಒಂದ್ಸಲ ಒತ್ತಿ ಅಮ್ಮಾ" ಎಂದೆ. "ನಿಮ್ದೂ ಹಿಂಗೇ ಗೆರೆ ಇಲ್ದೆ ಬಂದ್ರೆ ನಾವು ವಾಪಸ್ ಹೋಗ್ತೀವಿ."

ಮೈಕು ಇನ್ನೂ ಬಂದ್ ಆಗಿರಲಿಲ್ಲ. ಆ ಮಾತು ಪಾರ್ಕಿಗೆಲ್ಲ ಕೇಳಿತು. ಅವಳು ಗಂಡನ ಕಡೆ ನೋಡಿದಳು, ಜನರ ಕಡೆ ನೋಡಿದಳು, ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ನಾನು ಡಬ್ಬಿಯನ್ನು ಅವಳ ಮುಂದೆ ಚಾಚಿಕೊಂಡು ನಿಂತೇ ಇದ್ದೆ. ಕೈ ಸೋಲುತ್ತಿತ್ತು, ಇಳಿಸಲಿಲ್ಲ.